ಹನ್ನೆರಡು ಡಿಗ್ರಿ ಸುಳ್ಳು

ಕಮಲಾಪುರ
೧೪ ಡಿಸೆಂಬರ್ ೨೦೨೫, ಭಾನುವಾರ

ಪ್ರೀತಿಯ ಶುಭದಾ,

ಸೊಲ್ಲಾಪುರದ ಚಳಿಯಲ್ಲಿ ನೀನು, ನಿನ್ನ ಮನೆಯವರು, ಪುಟ್ಟಿ ಎಲ್ಲರೂ ಬೆಚ್ಚಗಿದ್ದೀರಿ ಎಂದುಕೊಂಡಿದ್ದೇನೆ. ಪುಟ್ಟಿಗೆ ಕೆಮ್ಮು ಎಂದು ನೀನು ಬರೆದಿದ್ದೆ, ಈಗ ಇಳಿದಿರಬೇಕು. ಉತ್ತರ ತಡವಾಯಿತು, ಕ್ಷಮಿಸು. ಈ 'ಕ್ಷಮಿಸು' ಕೈಯಭ್ಯಾಸದಿಂದ ಬಂತು; ಬರೆದ ಮೇಲೆ ಹೊಡೆದುಹಾಕಲು ಹೋಗಲಿಲ್ಲ, ಇರಲಿ. ನಿನ್ನ ಫೋನುಗಳನ್ನು ನೋಡಿಯೂ ನಾನು ಎತ್ತಲಿಲ್ಲ. ಎತ್ತಿದರೆ ನೀನು ಅಳುತ್ತೀ. ನೀನು ಅತ್ತರೆ ನಾನು 'ಹೋಗಲಿ ಬಿಡು' ಅಂದುಬಿಡುತ್ತೇನೆ. ಈ ಸಲ ಹೋಗಲಿ ಬಿಡು ಅನ್ನುವ ಮನಸ್ಸು ನನಗಿಲ್ಲ. ಕಾಗದವಾದರೆ ನೀನು ನಡುವೆ ಬಾಯಿ ಹಾಕಲಾರೆ, ನಾನೂ ಮೆತ್ತಗಾಗಲಾರೆ.

ನಿನ್ನ ಅಪ್ಪನ ಮೇಲೆ ನನಗೆ ಬಂದಿರುವ ಸಿಟ್ಟು ಎಂಥದೆಂದರೆ, ಬೆಳಿಗ್ಗೆ ಹಲ್ಲುಜ್ಜುವಾಗಲೂ ಅವರೊಂದಿಗೆ ಜಗಳವಾಡುತ್ತಿರುತ್ತೇನೆ. ಮೊನ್ನೆ ಅವ್ವ ನೀರಿನ ಕೊಡ ಇಳಿಸಿ ಕೇಳಿದಳು, "ಯಾರ ಸಂಗಟ ಮಾತಾಡಾಕತ್ತೀಯವ್ವಾ?" ಯಾರೂ ಇಲ್ಲ ಅಂದೆ. ಅವರು ನಿನಗೆ ಈಗಾಗಲೇ ಒಂದು ಕಥೆ ಹೇಳಿರುತ್ತಾರೆ. ವಾಸುದೇವ ಸರ್ ಚೆನ್ನಾಗಿ ಹೇಳುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಅವರ ಪಾಠ ಕೇಳಿಯೇ ಅಲ್ಲವೇ ನಾನು ಭೌತಶಾಸ್ತ್ರಕ್ಕೆ ಬಿದ್ದದ್ದು. ನಡೆದದ್ದೇನು ಎಂಬುದನ್ನು ಈಗ ನನ್ನಿಂದ ಕೇಳು. ನೀನು ಮಕ್ಕಳಿಗೆ ಕನ್ನಡ ಕಲಿಸುವವಳು, ಯಂತ್ರದ ಮಾತೆಂದರೆ ನಿನಗೆ ಆಕಳಿಕೆ ಬರುತ್ತದೆ. ಆದರೂ ಒಂದಿಷ್ಟು ಸಹಿಸಿಕೋ. ಯಂತ್ರ ಅರ್ಥವಾಗದಿದ್ದರೆ ನನ್ನ ಸಿಟ್ಟೂ ಅರ್ಥವಾಗುವುದಿಲ್ಲ.

ನಮ್ಮ ಪ್ರಯೋಗಾಲಯದಲ್ಲಿ ಮಾಡುವುದು ಇಷ್ಟೇ. ಕಪ್ಪು ಬಿಲ್ಲೆಯಂಥ ಒಂದು ಪದಾರ್ಥವನ್ನು ತಾಮ್ರದ ಗಟ್ಟಿಯ ಮೇಲೆ ಕೂರಿಸಿ, ಗಾಳಿ ತೆಗೆದ ಪಾತ್ರೆಯೊಳಗೆ ಇಳಿಸಿ, ದ್ರವ ಸಾರಜನಕದಿಂದ ತಣಿಸುತ್ತಾ ಹೋಗುತ್ತೇವೆ. ಆ ತಂಪಿನ ಮುಂದೆ ಮಂಜುಗಡ್ಡೆ ಕೂಡ ಕೆಂಡ. ತಣಿಯುತ್ತಾ ತಣಿಯುತ್ತಾ ಒಂದು ಹಂತದಲ್ಲಿ ಆ ಬಿಲ್ಲೆ ವಿದ್ಯುತ್ತಿಗೆ ಅಡ್ಡಿ ಮಾಡುವುದನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ. ಅದು ಎಷ್ಟನೆಯ ಡಿಗ್ರಿಯಲ್ಲಿ ನಿಂತಿತು ಎಂಬುದೇ ನಮ್ಮ ಇಡೀ ಸಂಶೋಧನೆ. ಆ ಡಿಗ್ರಿಯನ್ನು ಹೇಳುವುದು ತಾಮ್ರದ ಗಟ್ಟಿಯ ತೂತಿನೊಳಗೆ ಕೂತ ಸೆನ್ಸರ್, ಅಕ್ಕಿ ಕಾಳಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಹೊರಗೆ ಮೇಜಿನ ಮೇಲೆ ಕಂಟ್ರೋಲರ್ ಎಂಬ ಪೆಟ್ಟಿಗೆ. ಸೆನ್ಸರ್ ಹೇಳಿದ್ದನ್ನು ಓದಿ, ಬೇಕಾದಷ್ಟೇ ಬಿಸಿ ಕೊಟ್ಟು, ನಾವು ಹೇಳಿದ ಡಿಗ್ರಿಗೆ ಎಲ್ಲವನ್ನೂ ನಿಲ್ಲಿಸುವುದು ಅದರ ಕೆಲಸ. ಸೆನ್ಸರ್ ಸುಳ್ಳು ಹೇಳಿದರೆ ಕಂಟ್ರೋಲರ್ ನಂಬುತ್ತದೆ. ಕಂಟ್ರೋಲರನ್ನು ನಾವು ನಂಬುತ್ತೇವೆ. ನಮ್ಮನ್ನು ಜಗತ್ತು ನಂಬುತ್ತದೆ.

ಹೋದ ವರ್ಷ ಹಳೆಯ ಸೆನ್ಸರಿನ ತಂತಿ ಬುಡದಲ್ಲಿ ಮುರಿಯಿತು. ಹೊಸದು ಬಂತು. ಅದನ್ನು ಕೂರಿಸುತ್ತೇನೆ ಎಂದು ನಾನು ಮುಂದೆ ಬಂದೆ. ನಿನ್ನ ಅಪ್ಪ ನನ್ನನ್ನೂ ಸಿದ್ರಾಳನ್ನೂ ಮೇಜಿನಿಂದ ಆಚೆ ಸರಿಸಿ, "ಇದು ಹುಡುಗಾಟದ ಕೆಲಸ ಅಲ್ಲ, ದೂರ ನಿಂದರ್ರಿ" ಎಂದು ತಾವೇ ಕನ್ನಡಕ ಏರಿಸಿಕೊಂಡು ಕೂತರು. ಸಿದ್ರಾ ನಿನಗೆ ಪರಿಚಯವಿಲ್ಲ. ಬೇರೆ ಮಾರ್ಗದರ್ಶಕರ ವಿದ್ಯಾರ್ಥಿನಿ, ಆದರೆ ಕೆಲಸ ನಮ್ಮದೇ ಪ್ರಯೋಗಾಲಯದಲ್ಲಿ. ಶಹಾಬಜಾರದ ಅವಳ ಮನೆಯ ಮಾಳಿಗೆ ಕೋಣೆಯಲ್ಲೇ ನಾನೀಗ ಇರುವುದು. ಸೆನ್ಸರ್ ಕೂರಿಸುವಾಗ ಸರ್ ಅವರ ಕೈ ತುಸು ನಡುಗುತ್ತಿತ್ತು. ವಯಸ್ಸು, ನಡುಗಲಿ, ಅದರಲ್ಲಿ ಅವಮಾನವೇನಿದೆ? ಆದರೆ ಮುಗಿದ ಮೇಲೆ ಅವರು, "ಇನ್ನ ಇದಕ್ಕ ಯಾರೂ ಕೈ ಹಚ್ಚಬಾರದು" ಎಂದರು. ಯಾರೂ ಹಚ್ಚಲಿಲ್ಲ.

ಆಮೇಲೆ ನಮ್ಮ ಹೊಸ ಬಿಲ್ಲೆ ನೂರಾ ನಾಲ್ಕು ಡಿಗ್ರಿಗೆ ಅಡ್ಡಿ ಬಿಟ್ಟಿತು. ಕೆಲ್ವಿನ್ ಎಂಬ ಅಳತೆಯಲ್ಲಿ. ನೀನು ಸುಮ್ಮನೆ ಡಿಗ್ರಿ ಎಂದೇ ಓದಿಕೋ. ಆ ಜಾತಿಯ ಪದಾರ್ಥಗಳು ತೊಂಬತ್ತೆರಡರ ಆಸುಪಾಸಿನಲ್ಲಿ ಬಿಡುತ್ತವೆ. ನಮ್ಮದು ಹನ್ನೆರಡು ಡಿಗ್ರಿ ಮೇಲೆ! ಸರ್ ಕುಣಿಯುವುದೊಂದು ಬಾಕಿ. ನಾನೂ ಕುಣಿದೆ, ಸುಳ್ಳೇಕೆ ಹೇಳಲಿ. ಪ್ರಬಂಧ ಪ್ರಕಟವಾಯಿತು, ಅವರ ಹೆಸರಿನ ಹಿಂದೆ ನನ್ನ ಹೆಸರು. ಪತ್ರಿಕೆಯಲ್ಲಿ ಅವರ ಫೋಟೋ ಬಂತು. ನಿವೃತ್ತಿಯ ಮುಂಚೆ ದೊಡ್ಡ ಸನ್ಮಾನ ಇಡಬೇಕೆಂದು ನಮ್ಮ ಸಂಶೋಧನಾ ಕೇಂದ್ರದವರು ನಿಶ್ಚಯ ಮಾಡಿದರು. ನೀನು ಅದಕ್ಕೇ ಅಲ್ಲವೇ ಊರಿಗೆ ಬಂದದ್ದು.

ಆದರೆ ಕಂಟ್ರೋಲರ್ ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ. ತೊಂಬತ್ತೈದಕ್ಕೆ ನಿಲ್ಲು ಅಂದರೆ ತೊಂಬತ್ತೊಂಬತ್ತಕ್ಕೆ ಏರುತ್ತಿತ್ತು, ತೊಂಬತ್ತೊಂದಕ್ಕೆ ಇಳಿಯುತ್ತಿತ್ತು, ತೊಟ್ಟಿಲು ತೂಗಿದ ಹಾಗೆ. ಸರ್‌ಗೆ ಹೇಳಿದರೆ, "ಪೆಟ್ಟಿಗಿ ಹಳೇದಾಗೇದ, ಸೆಟ್ಟಿಂಗ್ ತಿದ್ದು" ಅನ್ನುತ್ತಿದ್ದರು. ತಿದ್ದಿದೆ. ವಾರಗಟ್ಟಲೆ ತಿದ್ದಿದೆ. ಏರಿಳಿತ ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ನವೆಂಬರ್ ಮೊದಲ ವಾರ ಒಂದು ಮಧ್ಯಾಹ್ನ ಬೇಸರ ಹತ್ತಿ, ಕಪಾಟಿನಲ್ಲಿದ್ದ ಹಳೆಯ ಬಿಲ್ಲೆಯೊಂದನ್ನು ಪಾತ್ರೆಯೊಳಗೆ ಇಳಿಸಿದೆ. ಅದು ತೊಂಬತ್ತೆರಡಕ್ಕೇ ಅಡ್ಡಿ ಬಿಡುವಂಥದು. ನಾನು ಎಂ.ಎಸ್ಸಿ.ಯಲ್ಲಿದ್ದಾಗಲೇ ಹತ್ತಾರು ಸಲ ಅಳೆದದ್ದು. ತಕ್ಕಡಿಯ ಮೇಲೆ ಸಂಶಯ ಬಂದರೆ ಗೊತ್ತಿರುವ ಕಲ್ಲನ್ನೇ ಇಟ್ಟು ನೋಡುತ್ತೇವಲ್ಲ, ಹಾಗೆ.

ಅದೂ ನೂರಾ ನಾಲ್ಕಕ್ಕೆ ಬಿಟ್ಟಿತು.

ಶುಭದಾ, ನಾನು ಆ ಸ್ಟೂಲಿನ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ಸಿದ್ರಾ ಬಂದು ಭುಜ ಅಲುಗಿಸಿ, "ಕ್ಯಾ ಹುವಾ, ಯಾಕ ಹಿಂಗ ಕುಂತಿ?" ಅಂದಳು. ಅಂಕಿ ಬಂದಿದ್ದ ತೆರೆ ತೋರಿಸಿದೆ. ಅವಳು ನೋಡಿದಳು. "ಯಾ ಅಲ್ಲಾ" ಅಂದು ಪಕ್ಕದಲ್ಲೇ ಕೂತಳು.

ಆಮೇಲೆ ಇಬ್ಬರೂ ಸೇರಿ ಒಂದೊಂದಾಗಿ ಹುಡುಕಿದೆವು. ಸೆನ್ಸರ್ ಬಿಚ್ಚಿ ಅದರ ಜಾಗದಲ್ಲಿ, ವಿದ್ಯುತ್ತಿಗೆ ಎಷ್ಟು ತಡೆ ಒಡ್ಡುತ್ತದೆಂದು ಮೊದಲೇ ಗೊತ್ತಿರುವ ರೋಧಕ ಹಚ್ಚಿದೆವು. ಕಂಟ್ರೋಲರ್ ಸರಿಯಾಗಿ ಓದಿತು. ಅಂದರೆ ಹಳೆಯ ಪೆಟ್ಟಿಗೆ ನಿರಪರಾಧಿ. ಅದರ ಹೊಟ್ಟೆಯೊಳಗಿನ ಅಳತೆಪಟ್ಟಿ ಈ ಸೆನ್ಸರಿನದೇ ಹೌದೋ ಎಂದು ನೋಡಿದೆವು, ಹೌದು. ಸೆನ್ಸರನ್ನು ಹೊರತೆಗೆದು ನೇರವಾಗಿ ದ್ರವ ಸಾರಜನಕದಲ್ಲಿ ಮುಳುಗಿಸಿದೆವು. ಅದು ಎಪ್ಪತ್ತೇಳು ತೋರಿಸಬೇಕು, ಎಪ್ಪತ್ತೇಳೇ ತೋರಿಸಿತು. ಸೆನ್ಸರೂ ನಿರಪರಾಧಿ. ಉಳಿದದ್ದು ಅದನ್ನು ಕೂರಿಸಿದ ರೀತಿ. ತಾಮ್ರದ ತಂಪನ್ನು ಸೆನ್ಸರಿಗೆ ದಾಟಿಸಬೇಕಾದ ತೂತಿನೊಳಗಿನ ಗ್ರೀಸ್ ಒಣಗಿ ಪುಡಿಯಾಗಿತ್ತು. ಒತ್ತಿ ಹಿಡಿಯಬೇಕಾದ ತಿರುಪು ಅರ್ಧ ಮಾತ್ರ ಕಚ್ಚಿತ್ತು. ತಂತಿಗಳನ್ನು ತಣ್ಣನೆಯ ತಾಮ್ರದ ಕಂಬಕ್ಕೆ ಸುತ್ತಿ ತರಬೇಕು, ಸುತ್ತಿರಲಿಲ್ಲ. ಮೇಲಿನಿಂದ ನೇರ ಬಿಟ್ಟಿದ್ದರು. ಹೊರಗಿನ ಬಿಸಿ ಆ ತಂತಿಗುಂಟ ಇಳಿದು ಬಂದು ಸೆನ್ಸರನ್ನು ಬೆಚ್ಚಗಿಡುತ್ತಿತ್ತು. ಕಂಕುಳಲ್ಲಿ ಸಡಿಲವಾಗಿಟ್ಟ ಥರ್ಮಾಮೀಟರ್ ಜ್ವರವನ್ನು ತಪ್ಪು ಹೇಳುವುದಿಲ್ಲವೇ, ಅದೇ. ಬಿಲ್ಲೆ ತೊಂಬತ್ತೆರಡರಲ್ಲಿ ಇರುತ್ತಿತ್ತು, ಸಡಿಲ ಸೆನ್ಸರ್ ನೂರಾ ನಾಲ್ಕು ಅನ್ನುತ್ತಿತ್ತು.

ಇದರಲ್ಲಿ ಪಾಪವೇನೂ ಇಲ್ಲ. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಇದು ಅಷ್ಟು ಸಣ್ಣ ತಪ್ಪು! ಜಗತ್ತಿನ ಯಾವ ಪ್ರಯೋಗಾಲಯದಲ್ಲಾದರೂ ಆಗುವಂಥದು. 'ನಮ್ಮ ಸೆನ್ಸರ್ ಸಡಿಲವಿತ್ತು, ಫಲಿತಾಂಶ ಹಿಂದಕ್ಕೆ ಪಡೆಯುತ್ತೇವೆ' ಎಂದು ಎರಡು ಸಾಲು ಬರೆದಿದ್ದರೆ ಜನ ಅವರನ್ನು ಇನ್ನೂ ಒಂದು ಗೇಣು ಮೇಲೆ ಇಡುತ್ತಿದ್ದರು. ನಾನಂತೂ ಇಡುತ್ತಿದ್ದೆ.

ಮರುದಿನ ಬೆಳಿಗ್ಗೆ ಅವರ ಮುಂದೆ ಎಲ್ಲ ತೋರಿಸಿದೆ. ಅವರು ತಕ್ಷಣ ತಿಳಿದುಕೊಂಡರು, ತಿಳಿಯದವರಲ್ಲವಲ್ಲ. ಮುಖ ಬೂದಿಯಾಯಿತು. "ಈ ಮಾತು ಸದ್ಯಕ್ಕ ಯಾರ ಮುಂದನೂ ಆಡಬ್ಯಾಡ. ಕಾರ್ಯಕ್ರಮ ಒಂದು ಮುಗೀಲಿ" ಅಂದರು.

"ಸರ್, ಕಾರ್ಯಕ್ರಮ ಇಟ್ಟಿದ್ದೇ ಈ ಫಲಿತಾಂಶಕ್ಕಲ್ರೀ?"

"ಮುಗೀಲಿ ಅಂದೆ."

"ಅದು ಮುಗದ ಮ್ಯಾಲ ನಮ್ಮ ಅಳತಿ ಪರೀಕ್ಷೆ ಮಾಡಲಿಕ್ಕೆ ತಜ್ಞರು ಬರೋರಿದ್ದಾರ್ರಿ. ಅವರ ಮುಂದ ಯಂತ್ರ ತಗದ ಕೂಡಲೇ ಗೊತ್ತಾಗ್ತದ್ರಿ."

"ಅದನ್ನ ನಾ ನೋಡ್ಕೋತೀನಿ, ಯಶೋಧರಾ. ನೀ ನಿನ್ನ ಥೀಸಿಸ್ ನೋಡ್ಕೋ. ಅದೂ ಇದರ ಮ್ಯಾಲೇ ನಿಂತದ, ನೆನಪಿರಲಿ."

ಹೆದರಿಸಿದ್ದೇ? ಹೌದು, ಹೆದರಿಸಿದ್ದೇ. ಮೃದುವಾಗಿ ಹೇಳಿದರೆ ಬೇರೆಯಾಗುವುದಿಲ್ಲ. ನಾನು ಕೆಲವು ದಿನ ಕಾದೆ. ಅವರು ಒಂದು ಮಾತೂ ಎತ್ತಲಿಲ್ಲ. ಸೆನ್ಸರನ್ನು ಮತ್ತೆ ಹಾಗೆಯೇ ಸಡಿಲವಾಗಿ ಕೂರಿಸಿ ಪಾತ್ರೆ ಮುಚ್ಚಿಸಿದರು. ಸನ್ಮಾನದ ಹಿಂದಿನ ಸಂಜೆ ನನಗೆ ತಡೆಯಲಾಗಲಿಲ್ಲ. ಖೂಬಾ ಪ್ಲಾಟಿನ ನಿಮ್ಮ ಮನೆಗೆ ಹೋದೆ.

ಆ ಮನೆ ನನಗೆ ಪರಕೀಯ ಎಂದು ಯಾವತ್ತೂ ಅನ್ನಿಸಿರಲಿಲ್ಲ. ಬಿ.ಎಸ್ಸಿ. ಓದುವಾಗ ನೀನು ಕೈಹಿಡಿದು ಒಳಗೆ ಕರೆದುಕೊಂಡು ಹೋದಂದಿನಿಂದ ನಿನ್ನ ತಾಯಿ ಪಾರ್ವತೀಬಾಯಿ ಕಾಕು ನನಗೆ ಅಡುಗೆಮನೆಯಲ್ಲೇ ತಾಟು ಹಾಕಿದವರು. ಅವರಲ್ಲಿ ಕಪಟವಿಲ್ಲ. ಆವತ್ತೂ ಬಾಣಲೆಯ ಮುಂದೆ ನಿಂತೇ, "ಬಾ ಬಾ, ಚೂಡಾ ಬಿಸಿ ಅದ, ತಿನ್ನು. ಶುಭದಾ ಹೂವು ತರಲಿಕ್ಕೆ ಹೋಗ್ಯಾಳ, ಬಂದಾಳು" ಅಂದರು. ನಾನು ತಿನ್ನದೆ ಸರ್ ಅವರ ಕೋಣೆಗೆ ಹೋದೆ.

ಅವರು ನಾಳಿನ ಭಾಷಣ ಓದಿಕೊಳ್ಳುತ್ತಿದ್ದರು. ನಾನು ನಿಂತೇ ಹೇಳಿದೆ, "ಸರ್, ನಾಳೆ ನೀವೇ ವೇದಿಕೆ ಮ್ಯಾಲ ಹೇಳಿಬಿಡ್ರಿ. ಮರು ಅಳತೆ ನಡದದ, ಫಲಿತಾಂಶ ಇನ್ನೂ ಖಾತ್ರಿ ಇಲ್ಲ ಅಂತ. ಅಷ್ಟು ಸಾಕು."

ಅವರು ಕಾಗದ ಮಡಿಚಿಟ್ಟರು. "ನೀ ಕುಂದರು. ನಾನೂ ವಿಚಾರ ಮಾಡೀನಿ. ತಜ್ಞರು ಬಂದಾಗ ನಾನೇ ಹೇಳ್ತೀನಿ, ಸೆನ್ಸರ್ ಹಚ್ಚೂವಾಗ ವಿದ್ಯಾರ್ಥಿ ಕೈಯಾಗ ಒಂದು ಲೋಪ ಆಗೇದ ಅಂತ. ವಿದ್ಯಾರ್ಥಿ ತಪ್ಪಿಗೆ ಯಾರೂ ಭಾಳ ಏನೂ ಅನ್ನೂದಿಲ್ಲ. ನಿನಗ ಮುಂದ ಇಡೀ ಆಯುಷ್ಯ ಅದ. ನನಗ ಇರೂದು ಇದೊಂದು ಹೆಸರು."

ನನಗೆ ಮೊದಲು ಅರ್ಥವೇ ಆಗಲಿಲ್ಲ. "ಯಾವ ವಿದ್ಯಾರ್ಥಿ, ಸರ್?"

"ನೀನೇ."

"ಹಚ್ಚಿದವರು ನೀವಲ್ರೀ!"

"ನನಗ ಹಂಗ ನೆನಪಿಲ್ಲ."

ನೆನಪಿಲ್ಲವಂತೆ. ಮೂವತ್ತು ವರ್ಷದ ಹಿಂದೆ ಓದಿದ ಸಮೀಕರಣವನ್ನು ಹಲಗೆಯ ಮೇಲೆ ಒಂದು ಚಿಹ್ನೆ ತಪ್ಪದೆ ಬರೆಯುವವರು! ನಾನು ಸಿದ್ರಾಳ ಹೆಸರು ಎತ್ತಿದೆ, ಅವಳೂ ಅಲ್ಲೇ ಇದ್ದಳು ಅಂದೆ. ಆಗ ಅವರು ಅಂದ ಮಾತನ್ನು ಸಾವಕಾಶವಾಗಿ ಓದು. ಅಕ್ಷರಕ್ಕೆ ಅಕ್ಷರ ಅವರದೇ. ಧ್ವನಿ ಏರಿರಲಿಲ್ಲ, ತರಗತಿಯಲ್ಲಿ ತಿಳಿಯದ ಹುಡುಗಿಗೆ ತಿಳಿಸಿ ಹೇಳುವ ಅದೇ ಸಮಾಧಾನ.

"ನೋಡು, ತಪ್ಪು ತಿಳೀಬ್ಯಾಡ. ಓದು ಬರ್ತದ, ಡಿಗ್ರಿ ಬರ್ತದ. ಆದ್ರ ಕೈಗೆ ಒಂದು ಸಂಸ್ಕಾರ ಬೇಕಾಗ್ತದ. ಅದು ನಿಮ್ಮಂಥವರಿಗೆ ಒಂದು ತಲಿಮಾರಿನಾಗ ಬರೂದಿಲ್ಲ. ಅದು ನಿನ್ನ ತಪ್ಪಲ್ಲ."

ನಿನ್ನ ತಪ್ಪಲ್ಲ. ದಯೆ ಬೇರೆ! ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಶುಭದಾ. ಬೈಗುಳ ಕೇಳದವಳೇನಲ್ಲ ನಾನು. ಬಸ್ಸಿನಲ್ಲಿ ಕೇಳಿದ್ದೇನೆ, ಬಾಡಿಗೆ ಮನೆ ಹುಡುಕುವಾಗ ಬಾಗಿಲಲ್ಲೇ ಅಡ್ಡಹೆಸರು ವಿಚಾರಿಸಿದವರನ್ನು ನೋಡಿದ್ದೇನೆ. ಅವರೆಲ್ಲ ಯಾರೋ. ಇವರು ನನಗೆ ಬೆಸುಗೆ ಹಾಕಲು ಕಲಿಸಿದವರು. ಕೂದಲೆಳೆಯಂಥ ತಂತಿಯನ್ನು ನಾನು ಮೊದಲ ಸಲ ಸರಿಯಾಗಿ ಹಚ್ಚಿದಾಗ ಕಾಕುವನ್ನು ಕರೆದು, "ನೋಡು ಇಕಿ ಕೈ ಹೆಂಗ ಅದ!" ಎಂದು ಹೊಗಳಿದವರು. ಹಾಗಾದರೆ ಇಷ್ಟು ವರ್ಷ ಆ ಮಾತು ಅವರೊಳಗೆ ಎಲ್ಲಿ ಕೂತಿತ್ತು? ಇದನ್ನು ನಾನು ದಿನವೂ ಕೇಳಿಕೊಳ್ಳುತ್ತೇನೆ, ದಿನವೂ ಮೈ ಉರಿಯುತ್ತದೆ.

ನಾನೂ ಸುಮ್ಮನೆ ಬರಲಿಲ್ಲ. "ನನ್ನ ಕೈ ಹತ್ತಿದ್ರ ಅದು ಸಡಿಲ ಆಗ್ತಿರಲಿಲ್ಲ, ಸರ್. ನನಗ ಕಲಿಸಿದವರು ಆವಾಗ ಚಲೋ ಕಲಿಸಿದ್ರು" ಅಂದೆ. ಅವರು "ಹೊರಗ ನಡಿ" ಅಂದರು. ನಡೆದೆ. ಶಹಾಬಜಾರದವರೆಗೂ ನಡೆದೇ ಹೋದೆ, ಆಟೋದವರು ಕರೆದರೂ ನಿಲ್ಲಲಿಲ್ಲ. ಸಿದ್ರಾಳ ಅಮ್ಮ ಕುಲ್ಸುಮ್ ಖಾಲಾ ನನ್ನ ಮುಖ ನೋಡಿ ತಣ್ಣೀರು ಕೊಟ್ಟರು.

ಸನ್ಮಾನಕ್ಕೆ ನಾನು ಬರಲಿಲ್ಲ, ನೀನು ನೋಡಿದ್ದೀ. ಆ ಬೆಳಿಗ್ಗೆ ಬಸ್ಸು ಹತ್ತಿ ಕಮಲಾಪುರಕ್ಕೆ ಬಂದೆ. ಇಲ್ಲಿ ನೋಡಿದರೆ ಅವ್ವ ಸರ್‌ಗೆಂದೇ ಕೆಂಪು ಬಾಳೆಹಣ್ಣಿನ ಗೊನೆ ಆರಿಸಿ, ಹೊಸ ಟವೆಲ್ಲಿನಲ್ಲಿ ಸುತ್ತಿ ಇಟ್ಟಿದ್ದಾಳೆ. "ನೀ ಯಾಕ ಬಂದಿ? ನಾವೇ ಬರೋರಿದ್ವಿ, ಅಪ್ಪ ಗಿರಣಿ ರಜಾ ಹಾಕ್ಯಾನ" ಅಂದಳು. ನಾನು ಬಾಗಿಲಲ್ಲೇ ಕೂತು ಅತ್ತೆ. ಸಿಟ್ಟಿಗೆ ಅತ್ತೆ, ದುಃಖಕ್ಕಲ್ಲ.

ಅಪ್ಪ ನಿನಗೆ ಗೊತ್ತಲ್ಲ, ದತ್ತಪ್ಪ ಅಂದರೆ ನಂದೂರಿನ ಬೇಳೆ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುವವನು, ದೊಡ್ಡವರ ಎದುರು ದನಿ ಎತ್ತಿದವನಲ್ಲ. ಮೊದಲು ನಾನು ಸೆನ್ಸರಿನ ಜಗಳ ಮಾತ್ರ ಹೇಳಿದೆ. ಅವನು ತಕ್ಷಣ ಎದ್ದು ನಿಂತ. "ಸಾಹೇಬ್ರ ಎದುರು ಮಾತಾಡಿಯೇನು? ಹೋಗಿ ಕಾಲ ಹಿಡ್ಕೋ. ನಾನೂ ಬರ್ತೀನಿ ನಡಿ. ಪಿಎಚ್‌ಡಿ ಮುಗೀಲಿ ಮೊದಲ, ಆಮ್ಯಾಲ ಖರೇ ಖೋಟಿ ನೋಡೂಣು."

ಅವನ ಮೇಲೂ ರೇಗಿದೆ. "ಯಾಕ ಹಿಡೀಬೇಕು ಕಾಲ? ತಪ್ಪು ಅವರದು!"

"ದೊಡ್ಡವರ ತಪ್ಪು ಅಂಬೋದು ಇರಂಗಿಲ್ಲವಾ."

"ಇರ್ತದ" ಎಂದು ಅವ್ವ ಒಳಗಿನಿಂದಲೇ ಅಂದಳು. ಹೊರಗೆ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಇಷ್ಟಕ್ಕ ನೀ ಹಿಂಗ ಅಳಾಕಿ ಅಲ್ಲ. ಇನ್ನೇನರ ಅಂದಾರ. ಏನಂದ್ರು ಹೇಳು."

ಹೇಳಿದೆ. ಸಂಸ್ಕಾರದ ಮಾತು, ತಲೆಮಾರಿನ ಮಾತು, ಎಲ್ಲ. ಅಪ್ಪ ಅಂಗಿ ಹಾಕಿಕೊಳ್ಳುತ್ತಿದ್ದವನು ಗುಂಡಿ ಹಾಕುವುದನ್ನು ಬಿಟ್ಟು ಹಾಗೇ ನಿಂತ. ರಜೆ ಹಾಕಿದ್ದರೂ ಗಿರಣಿಗೇ ಹೊರಟುಹೋದ. ಅವ್ವ ಟವೆಲ್ ಬಿಚ್ಚಿ, ಓಣಿಯ ಮಕ್ಕಳನ್ನೆಲ್ಲ ಕೂಗಿ, ಹಣ್ಣು ಹಂಚಿಬಿಟ್ಟಳು. ಸಂಜೆ ಅಪ್ಪ ಫೋನು ಮಾಡಿದ. ಹಿಂದೆ ಯಂತ್ರದ ಸದ್ದು, ಕೂಗಿ ಮಾತಾಡಿದ. "ನಾಳಿಗಿ ನೀ ತಿರಗಿ ಹೋಗು. ಕಾಲ ಹಿಡಿಯೂದು ಬ್ಯಾಡ. ತಿಳೀತಿಲ್ಲ? ಬ್ಯಾಡ."

ಹೋದೆ. ಮುಂದಿನ ವಾರ ತಜ್ಞರು ಬಂದರು. ಹೊರರಾಜ್ಯದವರು, ಕಡಿಮೆ ಮಾತಿನ ಹೆಂಗಸು. ಕೇಂದ್ರದ ನಿರ್ದೇಶಕರು, ನಿನ್ನ ಅಪ್ಪ, ಸಿದ್ರಾಳ ಮಾರ್ಗದರ್ಶಕರು, ನಾವಿಬ್ಬರು ಎಲ್ಲ ಪ್ರಯೋಗಾಲಯದಲ್ಲಿ. ತಜ್ಞರು ಪೆಟ್ಟಿಗೆಯ ಏರಿಳಿತ ಒಂದು ಗಳಿಗೆ ನೋಡಿದರು. "ಪಾತ್ರೆ ತೆರೆಯಿರಿ, ಸೆನ್ಸರ್ ನೋಡಬೇಕು" ಅಂದರು. ಅಷ್ಟೇ. ತೆರೆದ ಕೂಡಲೇ ಅವರ ಬೆರಳು ಹೋದದ್ದು ಆ ಸಡಿಲ ತಿರುಪಿಗೇ. ಇದನ್ನು ಕೂರಿಸಿದ್ದು ಯಾರು ಎಂದು ಕೇಳಿದರು.

ನಿನ್ನ ಅಪ್ಪ ನನ್ನ ಕಡೆ ನೋಡದೆ ಹೇಳಿದರು, ಇಂಗ್ಲಿಷಿನಲ್ಲಿ, ಸೊಗಸಾದ ಇಂಗ್ಲಿಷಿನಲ್ಲಿ: ನನ್ನ ವಿದ್ಯಾರ್ಥಿನಿ ಕೂರಿಸಿದ್ದು, ಅವಳಿಗೆ ಅನುಭವ ಕಡಿಮೆ, ನಾನು ಆಗಲೇ ಪರೀಕ್ಷಿಸಬೇಕಿತ್ತು, ಆ ಜವಾಬ್ದಾರಿ ನನ್ನದೇ. ಕೇಳಿದವರಿಗೆ ಎಂಥ ಉದಾರ ಗುರು ಅನ್ನಿಸಬೇಕು!

ನಾನು ಬಾಯಿ ತೆರೆದೆ, ಗಂಟಲಿನಿಂದ ಸ್ವರ ಹೊರಡಲಿಲ್ಲ. ಸಿಟ್ಟು ಹೆಚ್ಚಾದರೆ ನನಗೆ ಹಾಗೆಯೇ ಆಗುವುದು, ನಿನಗೆ ಗೊತ್ತು. ಆಗ ಪಕ್ಕದಿಂದ ಸಿದ್ರಾಳ ದನಿ ಬಂತು. ಇಂಗ್ಲಿಷೂ ಅಲ್ಲ, ಏನೂ ಅಲ್ಲ. ಹೆದರಿಕೆಯಲ್ಲಿ ಅವಳಿಗೆ ಶಹಾಬಜಾರದ ಮಾತೇ ಬಂದುಬಿಟ್ಟಿತ್ತು.

"ಝೂಟ್ ಅದು, ಸರ್. ನಾ ಇಲ್ಲೇ ಇದ್ದೆ. ನಮ್ಮಿಬ್ಬರಿಗೂ ದೂರ ನಿಂದ್ರಿಸಿ ನೀವೇ ಹಚ್ಚೀರಿ."

ಅವಳ ಮಾರ್ಗದರ್ಶಕರು "ಸಿದ್ರಾ!" ಎಂದು ಗದರಿದರು. ಆದರೂ ಮತ್ತೊಮ್ಮೆ ಅಂದಳು, "ನೀವೇ ಹಚ್ಚೀರಿ, ಸರ್." ತಜ್ಞರಿಗೆ ಕನ್ನಡ ಬರುತ್ತಿರಲಿಲ್ಲ. ಏನಂದಳು ಎಂದು ನಿರ್ದೇಶಕರನ್ನು ಕೇಳಿದರು. ನಿರ್ದೇಶಕರು ತಲೆ ಕೆರೆದುಕೊಂಡು, ಬೇರೆ ದಾರಿಯಿಲ್ಲದೆ, ಅನುವಾದ ಮಾಡಿ ಹೇಳಿದರು.

ಆ ಹೆಂಗಸು ನನ್ನ ಕಡೆ ತಿರುಗಿ, "ಈಗ ನೀವು ಕೂರಿಸಿ" ಅಂದರು. ಕೂರಿಸಿದೆ. ಹಳೆಯ ಗ್ರೀಸ್ ಒರೆಸಿ ತೆಗೆದು, ಹೊಸದನ್ನು ತೆಳ್ಳಗೆ ಸವರಿ, ತಿರುಪನ್ನು ಪೂರ್ತಿ ಕಚ್ಚಿಸಿ, ತಂತಿಯನ್ನು ಕಂಬಕ್ಕೆ ಒತ್ತೊತ್ತಾಗಿ ಸುತ್ತಿದೆ. ಕೈ ನಡುಗಲಿಲ್ಲ. ನಡುಗಬಾರದೆಂದು ಹಲ್ಲು ಕಚ್ಚಿ ಹಿಡಿದಿದ್ದೆ. ಸಾರಜನಕ ಸುರಿದ ಮೇಲೆ ಅಂಕಿ ಇಳಿಯುತ್ತಾ ಬಂದು ಎಪ್ಪತ್ತೇಳಕ್ಕೆ ನಿಂತಿತು. ಆಮೇಲೆ ತೊಂಬತ್ತೈದಕ್ಕೆ ನಿಲ್ಲು ಅಂದರೆ ಕಂಟ್ರೋಲರ್ ತೊಂಬತ್ತೈದಕ್ಕೇ ನಿಂತಿತು, ಅಲುಗದೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ಆ ಜಗದ್ವಿಖ್ಯಾತ ಬಿಲ್ಲೆ ಎಲ್ಲ ಬಿಲ್ಲೆಗಳ ಹಾಗೆ ತೊಂಬತ್ತೆರಡರಲ್ಲಿ ಅಡ್ಡಿ ಬಿಟ್ಟಿತು. ತಿರುಗಿ ನೋಡಿದರೆ ನಿನ್ನ ಅಪ್ಪ ಅಲ್ಲಿರಲಿಲ್ಲ. ನೀರು ಕುಡಿದು ಬರುತ್ತೇನೆಂದು ಹೋದವರು ಬರಲಿಲ್ಲ.

ನಾನು ಗೆದ್ದೆ ಎಂದು ತಿಳಿಯಬೇಡ. ಪ್ರಬಂಧ ಹಿಂದಕ್ಕೆ ಪಡೆಯುವ ಪ್ರಕಟಣೆಯಲ್ಲಿ 'ಸಂಶೋಧನಾ ವಿದ್ಯಾರ್ಥಿನಿಯ ಲೋಪದಿಂದ' ಎಂದು ಒಂದು ಸಾಲು ಸೇರಿಸಿ ನನ್ನ ಸಹಿಗೆ ಕಳಿಸಿದ್ದರು. ಆ ಸಾಲು ತೆಗೆಯುವವರೆಗೆ ಸಹಿ ಹಾಕುವುದಿಲ್ಲ ಅಂದೆ. ಕಾರಿಡಾರಿನಲ್ಲಿ ಎದುರಾದವರೆಲ್ಲ ಒಂದೇ ಪಾಠ: "ಹಿರಿಯರು, ಹೋಗ್ಲಿ ಬಿಡಮ್ಮ." "ನಿವೃತ್ತಿ ಹೊತ್ತಿನಾಗ ಯಾಕ." "ನಿನಗೇನು ಕಡಿಮಿ ಆಗ್ತದ?" ನನಗೇನು ಕಡಿಮೆಯಾಗುತ್ತದೆ ಎಂದು ಅವರಿಗೆ ಹೇಗೆ ತಿಳಿಸಲಿ? ನಾನು ಒಪ್ಪಲಿಲ್ಲ. ಸಿದ್ರಾ ತಾನು ಕಂಡದ್ದನ್ನು ನಿರ್ದೇಶಕರಿಗೆ ಬರೆದುಕೊಟ್ಟಳು. ಕೊನೆಗೆ ಆ ಸಾಲು ಹೋಯಿತು. 'ಸೆನ್ಸರ್ ಸರಿಯಾಗಿ ಕೂತಿರಲಿಲ್ಲ' ಎಂದಷ್ಟೇ ಉಳಿಯಿತು, ಯಾರ ಕೈ ಎಂದಿಲ್ಲ. ಸರ್ ಸಹಿ ಹಾಕಿದರು. ನನಗೆ ಬೇರೆ ಮಾರ್ಗದರ್ಶಕರನ್ನು ಕೊಟ್ಟಿದ್ದಾರೆ. ಅಳತೆಗಳೆಲ್ಲ ಮೊದಲಿನಿಂದ ಆಗಬೇಕು, ಇನ್ನೂ ಒಂದು ವರ್ಷ ಹಿಡಿಯುತ್ತದೆ. ಸಿದ್ರಾಳ ಮಾರ್ಗದರ್ಶಕರು ಅವಳೊಂದಿಗೆ ಸರಿಯಾಗಿ ಮಾತಾಡುತ್ತಿಲ್ಲ. ಅವಳ ಕೆಲಸವೂ ನಿಂತಿದೆ. ಕ್ಷಮೆ ಎಂಬ ಶಬ್ದ ಆ ಕಟ್ಟಡದಲ್ಲಿ ಯಾರ ಬಾಯಿಂದಲೂ ಬಂದಿಲ್ಲ.

ನಾಲ್ಕು ದಿನ ಮನೆಯಲ್ಲಿರೋಣ ಎಂದು ಇಲ್ಲಿಗೆ ಬಂದಿದ್ದೇನೆ. ಅವ್ವ ಎಣ್ಣೆ ಹಚ್ಚಿ ತಲೆ ತೊಳೆದಳು. ಅಪ್ಪ ಗಿರಣಿಯ ಹೊಸ ಯಂತ್ರದ ಪಟ್ಟಿ ಪದೇ ಪದೇ ಕಳಚುತ್ತದೆ ಎಂದು ನನ್ನೊಂದಿಗೆ ಚರ್ಚೆ ಮಾಡುತ್ತಾನೆ. ಸರ್ ಅವರ ಹೆಸರು ಇಬ್ಬರೂ ಎತ್ತುವುದಿಲ್ಲ. ನಾಡಿದ್ದು ತಿರುಗಿ ಹೋಗುತ್ತೇನೆ. ಸಿಟ್ಟು ಇಳಿದಿಲ್ಲ. ಇಳಿಯಬೇಕೆಂದು ನಾನು ಪ್ರಯತ್ನವನ್ನೂ ಮಾಡುತ್ತಿಲ್ಲ.

ಕಾಕು ಅವರಿಗೆ ನನ್ನ ನಮಸ್ಕಾರ ಹೇಳು. ಅವರ ಮೇಲೆ ನನಗೆ ಏನೂ ಇಲ್ಲ. ಅವತ್ತು ಚೂಡಾ ತಿನ್ನದೆ ಬಂದದ್ದಕ್ಕೆ ಅವರು ನೊಂದುಕೊಂಡಿರಬಹುದು. ಪುಟ್ಟಿಗೆ ಬೆಚ್ಚನೆಯ ಟೋಪಿ ಹಾಕು, ಅಜ್ಜಿಯ ಔಷಧ ಎಂದು ಕಷಾಯ ಕುಡಿಸುತ್ತಾ ಕೂರಬೇಡ, ಡಾಕ್ಟರಿಗೆ ತೋರಿಸು. ಅವಳು ದೊಡ್ಡವಳಾಗಿ, ಗಟ್ಟಿ ದನಿಯವಳಾಗಿ, ಎಲ್ಲಿ ಬೇಕಾದರೂ ನಿಂತು ಮಾತಾಡುವಂಥವಳಾಗಲಿ. ಇದು ನನ್ನ ಮನಃಪೂರ್ವಕ ಹಾರೈಕೆ.

ನಿನ್ನ,
ಯಶೋಧರಾ

ತಾ.ಕ. ಕಾಗದ ಮಡಿಚಿ ಲಕೋಟೆಗೆ ಹಾಕಿ ಮತ್ತೆ ತೆಗೆದೆ. ಇಷ್ಟು ಬರೆದರೂ ಬರೆಯಬೇಕಾದದ್ದನ್ನು ಬರೆದಿರಲಿಲ್ಲ. ಆ ಸಂಜೆ ನಾನು ಸರ್ ಅವರ ಕೋಣೆಯಿಂದ ಹೊರಬಂದಾಗ ನೀನು ಬಾಗಿಲ ಪಕ್ಕದಲ್ಲೇ ನಿಂತಿದ್ದೆ. ಕೈಯಲ್ಲಿ ಹೂವಿನ ಚೀಲ. ನಿನ್ನ ಮುಖ ಬಿಳಿಚಿಕೊಂಡಿತ್ತು, ನೀನು ಎಲ್ಲ ಕೇಳಿಸಿಕೊಂಡಿದ್ದೆ. ನಾನು ನಿನ್ನನ್ನೇ ನೋಡಿದೆ. ಒಂದು ಮಾತು ಆಡುತ್ತೀ ಎಂದು ನಿಂತೆ. ಒಳಗೆ ಹೋಗಿ 'ಅಪ್ಪಾ, ಏನಂತೀ ಇದು' ಅನ್ನುತ್ತೀ ಎಂದು ನಿಂತೆ. ನೀನು ತಲೆ ತಗ್ಗಿಸಿ ಚೀಲದೊಳಗೆ ಏನೋ ಹುಡುಕಲು ಶುರುಮಾಡಿದೆ. ನಾನು ಚಪ್ಪಲಿ ಹಾಕಿಕೊಂಡು ಗೇಟು ದಾಟುವವರೆಗೂ ನೀನು ಹುಡುಕುತ್ತಲೇ ಇದ್ದೆ. ಆಮೇಲೆ ನೀನು ಕಳಿಸಿದ ಮೆಸೇಜುಗಳನ್ನೆಲ್ಲ ಮತ್ತೆ ಮತ್ತೆ ಓದಿದ್ದೇನೆ. ನನ್ನ ಥೀಸಿಸ್ ಕೇಳಿದ್ದೀ, ಊಟ ಕೇಳಿದ್ದೀ, ಅವ್ವ ಅಪ್ಪನನ್ನು ಕೇಳಿದ್ದೀ. 'ಆ ಮಾತು ನನಗೂ ಕೇಳಿಸಿತು' ಎಂದು ನೀನು ಎಲ್ಲಿಯೂ ಬರೆದಿಲ್ಲ. ನಿನ್ನ ಅಪ್ಪನಿಗೆ ನಾನು ಅಲ್ಲೇ ಉತ್ತರ ಕೊಟ್ಟು ಬಂದೆ, ಶುಭದಾ. ನಿನಗೆ ಏನು ಹೇಳಬೇಕೆಂದು ಇನ್ನೂ ಗೊತ್ತಾಗಿಲ್ಲ.